ಟ್ಯಾಂಕ್ ಖಾಲಿ, ಮುಳ್ಳು ಫುಲ್

ಕರಾವಳಿಯಲ್ಲಿ ಬೋಟು ರಿಪೇರಿ ಮಾಡುವವರಿಗೆ ಮಳೆಗಾಲ ಇಳಿಯುತ್ತಿದ್ದಂತೆ ಪುರುಸೊತ್ತು ಇರುವುದಿಲ್ಲ. ಮೀನುಗಾರಿಕೆಯ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಪ್ರವಾಸಿಗರನ್ನು ಒಯ್ಯುವ ಬೋಟುಗಳೂ ಆ ಹೊತ್ತಿಗೆ ದಡ ಸೇರಿರುತ್ತವೆ. ಆಮೇಲೆ ಎಂಜಿನ್ ಹೇಗೋ ಚಾಲೂ ಆಗುತ್ತದೆ. ಡ್ಯಾಶ್‌ಬೋರ್ಡಿನ ಮೀಟರುಗಳು ಮಾತ್ರ ಉಪ್ಪುಗಾಳಿ ಕುಡಿದು ಬಾಯಿಗೆ ಬಂದಂತೆ ಮಾತನಾಡುತ್ತವೆ.

ಒಮ್ಮೆ ಒಬ್ಬರು ಬಂದು, "ಮಾರಾಯರೇ, ಪೆಟ್ರೋಲ್ ಹಾಕಿದಷ್ಟೂ ಮುಳ್ಳು ಕೆಳಗೆ ಇಳಿಯುತ್ತದೆ" ಎಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಹಳೆಯ ಮೀಟರ್ ಕೆಟ್ಟಿತೆಂದು ಹೊಸದು ತಂದು ಹಾಕಿದ್ದರು. ಟ್ಯಾಂಕಿನೊಳಗೆ ತೇಲುತ್ತಾ ಇಂಧನದ ಮಟ್ಟ ತಿಳಿಸುವ ಫ್ಲೋಟ್ ಹಳೆಯದೇ. ಅಮೆರಿಕದ ಪದ್ಧತಿಯ ಫ್ಲೋಟ್ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 240 ಓಮ್, ತುಂಬಿದಾಗ 33 ಓಮ್ ತೋರಿಸುತ್ತದೆ (ಓಮ್ ಎಂದರೆ ವಿದ್ಯುತ್ತಿಗಿರುವ ತಡೆಯ ಅಳತೆ). ಯುರೋಪಿನದು ಇದಕ್ಕೆ ಉಲ್ಟಾ: ಖಾಲಿಗೆ 10, ತುಂಬಿದರೆ 180. ಮುಳ್ಳು ಓದುವುದು ಈ ಓಮ್‌ಗಳನ್ನೇ ಹೊರತು ಪೆಟ್ರೋಲನ್ನಲ್ಲ. ಅಮೆರಿಕದ ಫ್ಲೋಟಿಗೆ ಯುರೋಪಿನ ಮೀಟರ್ ಕಟ್ಟಿದರೆ ಖಾಲಿ ಟ್ಯಾಂಕಿಗೂ ಮುಳ್ಳು ಫುಲ್ ಎನ್ನುತ್ತದೆ.

ಅಮೆರಿಕದ ಪದ್ಧತಿಯ ಮೀಟರಾದರೆ ಪರೀಕ್ಷೆ ಸುಲಭ. ಚಾವಿ ಆನ್ ಮಾಡಿ, ಮೀಟರಿನ ಬೆನ್ನಿಂದ ಫ್ಲೋಟಿನ ವಯರ್ ಬಿಡಿಸಿ: ಮುಳ್ಳು ಖಾಲಿಗೆ ಬೀಳಬೇಕು. ಆ ಪಿನ್ನನ್ನು ಅರ್ತಿಗೆ ಮುಟ್ಟಿಸಿದರೆ ಫುಲ್‌ಗೆ ಏರಬೇಕು. ಎರಡೂ ಆದರೆ ಮೀಟರ್ ಸರಿಯಿದೆ. ತೊಂದರೆ ವಯರಿನಲ್ಲೋ, ಫ್ಲೋಟಿನಲ್ಲೋ, ಹಸಿರು ಕಿಲುಬು ಹಿಡಿದ ಅರ್ತಿನಲ್ಲೋ. ಹೆಚ್ಚಿನ ಸಲ ಅರ್ತಿನಲ್ಲೇ ಇರುತ್ತದೆ. ಪೆಟ್ರೋಲ್ ಟ್ಯಾಂಕಿನ ಬಳಿ ಮಾತ್ರ ಈ ಆಟ ಬೇಡ, ಕಿಡಿ ಹಾರುತ್ತದೆ.

ಮೀಟರ್ ಸರಿಯಿದ್ದರೂ ಓಡುವ ಬೋಟು ಮೂತಿ ಎತ್ತಿರುತ್ತದೆ, ಇಂಧನ ಹಿಂದಕ್ಕೆ ಸರಿದಿರುತ್ತದೆ. ನಿಂತ ನೀರಿನಲ್ಲಿ ಓದಿದ್ದೇ ಲೆಕ್ಕ. ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು, ಇನ್ನೊಂದನ್ನು ಮುಟ್ಟಬೇಡಿ.

ಬಿಸಿಯ ಮುಳ್ಳಿನ ವಿಷಯದಲ್ಲಿ ಕಾರಿನ ಅಭ್ಯಾಸ ಬಿಡಬೇಕು. ಒಳಗೆ ಕೂಲಂಟ್ ಇರುವ ಡೀಸೆಲ್ ಎಂಜಿನ್ 75ರಿಂದ 90 ಡಿಗ್ರಿಯಲ್ಲಿ ಓಡುತ್ತದೆ. ಬೋಟಿನ ಹಿಂಬದಿಗೆ ಹೊರಗಿನಿಂದ ಕಟ್ಟಿ, ಸಮುದ್ರದ ನೀರನ್ನೇ ಹೀರಿ ತಣ್ಣಗಾಗುವ ಔಟ್‌ಬೋರ್ಡ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿಗೆ ತೆರೆದು ನೀರು ಬಿಡುವ ಕವಾಟ) ಸಾಮಾನ್ಯವಾಗಿ 60ರ ಆಸುಪಾಸಿನಲ್ಲೇ ತೆರೆಯುತ್ತದೆ. ಹೆಚ್ಚು ಬಿಸಿಯಾದರೆ ನೀರಿನ ದಾರಿಯಲ್ಲಿ ಉಪ್ಪು ಕಟ್ಟುತ್ತದೆ. ಆದರೆ ಈ ಮುಳ್ಳಿಗೊಂದು ಕುರುಡುತನವಿದೆ. ಪ್ಲಾಸ್ಟಿಕ್ ಚೀಲ ಅಂಟಿ ನೀರು ಪೂರ್ತಿ ನಿಂತರೆ ಸೆನ್ಸರ್ ಒಣಗುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಮಲಗಿರಬಹುದು. ಅದಕ್ಕೇ ನಾನು ಮೊದಲು ಹಿಂದಕ್ಕೆ ತಿರುಗಿ ಎಂಜಿನ್‌ನಿಂದ ಚಿಮ್ಮುವ ನೀರನ್ನು ನೋಡುತ್ತೇನೆ, ಆಮೇಲೆ ಮೀಟರನ್ನು. ಧಾರೆ ಸಣ್ಣದಾಗಿದ್ದರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಬದಲಿಸುವ ಕಾಲ ಬಂದಿರಬಹುದು.

ಆರ್‌ಪಿಎಂ ಮೀಟರನ್ನು ಜನ ಅಲಂಕಾರವೆಂದುಕೊಂಡಿದ್ದಾರೆ. ನನಗೆ ಒಂದೇ ಮೀಟರ್ ಕೊಡುವುದಾದರೆ ಅದನ್ನೇ ಕೇಳುತ್ತೇನೆ. ಪೂರ್ತಿ ಥ್ರಾಟಲ್‌ನಲ್ಲಿ ಇಂದಿನ ಬಹುತೇಕ ಔಟ್‌ಬೋರ್ಡ್‌ಗಳು 5000ದಿಂದ 6000ದ ನಡುವೆ ತಲುಪಬೇಕು. ಅಲ್ಲಿಗೇರದಿದ್ದರೆ ಫ್ಯಾನ್ (ಪ್ರೊಪೆಲ್ಲರ್) ಹೆಚ್ಚು ಪಿಚ್‌ನದ್ದು, ಅಂದರೆ ಒಂದು ಸುತ್ತಿಗೆ ಹೆಚ್ಚು ದೂರ ಸಾಗುವಂಥದ್ದು, ಅಥವಾ ತಳದಲ್ಲಿ ಪಾಚಿ, ಚಿಪ್ಪು ಬೆಳೆದಿದೆ. ಒಂದು ಇಂಚು ಪಿಚ್ ಕಡಿಮೆ ಮಾಡಿದರೆ 150ರಿಂದ 200 ಸುತ್ತು ಏರುತ್ತದೆ. ಸುತ್ತು ಏರಿ ವೇಗ ಏರದಿದ್ದರೆ ಫ್ಯಾನ್ ಜಾರುತ್ತಿದೆ ಎಂದರ್ಥ.

ವೋಲ್ಟ್ ಮೀಟರ್ ಎಂಜಿನ್ ಓಡುವಾಗ 13.5ಕ್ಕಿಂತ ಮೇಲಿರಲಿ, 12ರಲ್ಲೇ ಕುಳಿತಿದ್ದರೆ ಚಾರ್ಜ್ ಆಗುತ್ತಿಲ್ಲ. ಆಯಿಲ್ ಒತ್ತಡ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಾಗ ಕಡಿಮೆ, ಅದು ಸಹಜ. ಥಟ್ಟನೆ ಬಿದ್ದರೆ ಎಂಜಿನ್ ಬಂದ್ ಮಾಡಿ. ಆದರೆ ನದಿ ಸಮುದ್ರ ಸೇರುವ ಅಳಿವೆಬಾಗಿಲಲ್ಲಿ ಅಲೆ ಮಗುಚುತ್ತಿರುವಾಗ ಅಲ್ಲ. ಅಲ್ಲಿ ಎಂಜಿನ್‌ಗಿಂತ ಜೀವ ದೊಡ್ಡದು, ಮೊದಲು ದಾಟಿ.

ಚಾವಿ ತಿರುಗಿಸಿದಾಗ ಒಮ್ಮೆ ಪೀಂ ಎನ್ನುವ ಎಚ್ಚರಿಕೆಯ ಬಝರ್ ಮುಳ್ಳುಗಳಿಗಿಂತ ಚುರುಕು. ಆ ಓಮ್ ಗಲಾಟೆಯ ಬೋಟಿನಲ್ಲಿ ಅದು ಕೂಗಲೇ ಇಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದರೆ ವಯರ್ ಕತ್ತರಿಸಿ, ನೀಟಾಗಿ ಕಪ್ಪು ಟೇಪ್ ಸುತ್ತಿಟ್ಟಿದ್ದರು. ಯಾಕೆಂದು ಕೇಳಿದೆ. "ಪ್ರವಾಸಿಗರು ಹೆದರುತ್ತಾರೆ" ಎಂದರು.