ವಂಶದ ಕಾಯಿಲೆಗೆ ಪಥ್ಯ ಯಾಕೆ? ಇಲಿಗಳ ಕತೆ ಕೇಳಿ

ಮಂಡ್ಯದ ನಮ್ಮ ಭಾವನಿಗೆ ಹೋದ ವರ್ಷ ಸ್ಟೆಂಟ್ ಹಾಕಿದರು. ಮನೆಗೆ ಬಂದ ವಾರಕ್ಕೇ, ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ನೋಡಿ ಮುಖ ಸಿಂಡರಿಸಿದರು. "ನಮ್ಮಪ್ಪನಿಗೂ ಹಾರ್ಟು, ದೊಡ್ಡಪ್ಪನಿಗೂ ಹಾರ್ಟು. ರಕ್ತದಲ್ಲೇ ಬಂದಿರೋದು. ಬಾಡು ಬಿಟ್ಟರೆ ಹೋಗುತ್ತಾ?" ಅಕ್ಕ ಏನೂ ಅನ್ನದೆ ಇನ್ನೊಂದು ಸೌಟು ಸಾರು ಬಿಟ್ಟಳು.

ಈ ಪ್ರಶ್ನೆ ಹಳೆಯದು. 1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್‌ಕೋವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ತಿನ್ನಿಸಿದರು. ಮೊಲಗಳ ರಕ್ತನಾಳದಲ್ಲಿ ಕೊಬ್ಬು ಕಟ್ಟಿತು. ಇಲಿಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅವುಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಓಡಾಡುವುದು ಎಚ್‌ಡಿಎಲ್ ರೂಪದಲ್ಲಿ. ಡಾಕ್ಟರು 'ಒಳ್ಳೆ ಕೊಲೆಸ್ಟ್ರಾಲ್' ಅಂತಾರಲ್ಲ, ಅದು.

1992ರಲ್ಲಿ ಅಮೆರಿಕದ ಎರಡು ತಂಡಗಳು ಅಪೋ-ಇ ಎಂಬ ಜೀನ್ ತೆಗೆದ ಇಲಿಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿದವು. ರಕ್ತದಲ್ಲಿರುವ ಕೊಬ್ಬನ್ನು ಲಿವರ್ ಎಳೆದುಕೊಳ್ಳಲು ಈ ಜೀನ್ ಬೇಕು. ಅದಿಲ್ಲದ ಇಲಿಗೆ ಮಾಮೂಲಿ ಊಟದಲ್ಲೂ ನಾಳ ಕಟ್ಟಿತು, ಕೊಬ್ಬಿನೂಟ ಕೊಟ್ಟರೆ ಇನ್ನೂ ಬೇಗ. ಆದರೆ ನಮ್ಮಂತೆ ಹಾರ್ಟ್ ಅಟ್ಯಾಕ್ ಆಗುವುದು ಅಪರೂಪವಾಗಿತ್ತು.

2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾಂಟಿ ಕ್ರೀಗರ್ ಅವರ ತಂಡ ಅಪೋ-ಇ ಜೊತೆಗೆ, ಎಚ್‌ಡಿಎಲ್ ಹಿಡಿದುಕೊಳ್ಳುವ ಇನ್ನೊಂದು ಜೀನೂ ಇಲ್ಲದ ಇಲಿಗಳ ವಿಷಯ ತಿಳಿಸಿತು. ಹೃದಯದ ನಾಳಗಳೇ ಮುಚ್ಚಿಕೊಂಡು ಅವು ಎಂಟು ವಾರದೊಳಗೆ ಸತ್ತವು. ಅದೂ ಮಾಮೂಲಿ ಊಟ ತಿಂದುಕೊಂಡೇ! ಇಲ್ಲಿಗೆ ನಿಲ್ಲಿಸಿದರೆ ಭಾವ ಹೇಳಿದ್ದೇ ಸರಿ ಅಲ್ವಾ?

ನನಗೆ ತುಂಬ ಮುಖ್ಯ ಅನ್ನಿಸುವುದು ಆಮೇಲಿನದು. 2005ರ ಹೊತ್ತಿಗೆ ಇನ್ನೊಂದು ಬಗೆಯ ಇಲಿ ಬಂತು. ಎಚ್‌ಡಿಎಲ್ ಹಿಡಿಯುವ ಜೀನ್ ಇದರಲ್ಲೂ ಇಲ್ಲ, ಆದರೆ ಅಪೋ-ಇ ಪೂರ್ತಿ ಹೋಗಿಲ್ಲ, ಸ್ವಲ್ಪವೇ ಸ್ವಲ್ಪ ತಯಾರಾಗುತ್ತದೆ. ಮಾಮೂಲಿ ಊಟ ಕೊಟ್ಟರೆ ಆರಾಮಾಗಿ ಬದುಕುತ್ತಿದ್ದವು. ಕೊಬ್ಬು, ಕೊಲೆಸ್ಟ್ರಾಲ್ ತುಂಬಿದ ಊಟ ಕೊಟ್ಟಾಗ ಸುಮಾರು 40 ದಿನಕ್ಕೆ ಅರ್ಧದಷ್ಟು ಸತ್ತವು. ಜೀನ್ ಅದೇ, ಬದಲಾದದ್ದು ತಟ್ಟೆ.

2012ರಲ್ಲಿ ಇದೇ ಇಲಿಗಳಿಗೆ ಬೇರೆ ಬೇರೆ ಊಟ ಕೊಟ್ಟು ನೋಡಿದರು. ಊಟದ ಕೆಡುಕು ಕಡಿಮೆಯಾದಷ್ಟೂ ಕಾಯಿಲೆ ನಿಧಾನವಾಯಿತು. ಗುಂಪಿನಲ್ಲಿದ್ದವುಗಳಿಗಿಂತ ಒಂಟಿ ಗೂಡಿನಲ್ಲಿಟ್ಟವುಗಳಲ್ಲಿ ಬೇಗ ಬೆಳೆಯಿತು. ಕೊಬ್ಬಿನೂಟ ನಿಲ್ಲಿಸಿ ಮತ್ತೆ ಮಾಮೂಲಿ ಊಟ ಕೊಟ್ಟಾಗ ಕೊಲೆಸ್ಟ್ರಾಲ್ ಇಳಿಯಿತು, ಬೇಗ ಸಾಯುವುದು ತಪ್ಪಿತು.

ಇಲಿ ಮನುಷ್ಯ ಅಲ್ಲ, ನಿಜ. ಭಾವ ಮಾತ್ರೆ ಬಿಡುವ ಹಾಗೂ ಇಲ್ಲ. ಆದರೂ ಇದನ್ನೆಲ್ಲ ಅವರಿಗೆ ಹೇಳಿದೆ.

"ಊಟ ಬದಲಿಸಿದ್ದು ಕಾಯಿಲೆ ಶುರುವಾದ ಮೇಲಾ?"

"ಹೂಂ ಭಾವ, ಶುರುವಾದ ಮೇಲೆ."

ಮುದ್ದೆ ಮುರಿದು ಸಾರಿಗೆ ಅದ್ದಿದರು.