ಹಾರರ್ ಗೇಮ್‌ಗಳಿಗೆ ದುಃಖ ಅಂಟಿಕೊಂಡದ್ದು ಹೇಗೆ?

ಮೈಸೂರಿನ ಗೇಮಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಆಗಾಗ ತಣ್ಣಗಾಗುತ್ತೆ, ಮತ್ತೆ ಹೊತ್ತಿಕೊಳ್ಳುತ್ತೆ. 2024ರ ಅಕ್ಟೋಬರ್‌ನಲ್ಲಿ ಸೈಲೆಂಟ್ ಹಿಲ್ 2 ಅನ್ನುವ ಹಾರರ್ ಗೇಮ್ ಹೊಸ ರೂಪದಲ್ಲಿ ಬಂದಾಗಿಂದ ಅದು ಜಾಸ್ತಿಯಾಗಿದೆ. ಒಂದು ಗುಂಪಿನ ವಾದ ಹೀಗೆ: ದೆವ್ವದ ಗೇಮ್ ಅಂದ್ರೆ ದೆವ್ವ ಇರಬೇಕು, ಈಗ ಯಾವುದನ್ನು ಹಾಕಿದರೂ ಸತ್ತ ಹೆಂಡತಿ, ಸತ್ತ ಮಗು, ಕುಡುಕ ಅಪ್ಪ, ಸಾಕಪ್ಪಾ ಈ ಅಳು. ಇನ್ನೊಂದು ಗುಂಪಿಗೆ ಆ ಅಳುವೇ ಮುಖ್ಯ. ಮಧ್ಯದಲ್ಲಿ ಮೂರನೆಯವರೊಬ್ಬರು ಬಂದು, ಹೆಣ್ಣುಮಗುವಿನ ಮೇಲೆ ಆದ ದೌರ್ಜನ್ಯವನ್ನು ಆಟ ಮಾಡಿ ಮಾರೋದು ಸರೀನಾ ಅಂತ ಕೇಳುತ್ತಾರೆ. ಆಮೇಲೆ ಯಾರು ಯಾರಿಗೆ ಉತ್ತರ ಕೊಡ್ತಿದ್ದಾರೆ ಅಂತಲೇ ಗೊತ್ತಾಗಲ್ಲ.

ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ. ಕಥೆಗಳ ಗುಟ್ಟು ಕೆಳಗೆ ಧಾರಾಳವಾಗಿ ಬಯಲಾಗಿದೆ, ಆಡಬೇಕು ಅಂತ ಎತ್ತಿಟ್ಟುಕೊಂಡಿರುವವರು ಇಲ್ಲೇ ನಿಲ್ಲಿಸಿ.

1989ರಲ್ಲಿ ಜಪಾನಿನಲ್ಲಿ ಸ್ವೀಟ್ ಹೋಮ್, 1992ರಲ್ಲಿ ಫ್ರಾನ್ಸಿನಿಂದ ಅಲೋನ್ ಇನ್ ದ ಡಾರ್ಕ್, 1996ರಲ್ಲಿ ರೆಸಿಡೆಂಟ್ ಈವಿಲ್ ಅನ್ನುವ ಗೇಮ್‌ಗಳು ಬಂದವು. ಮೊದಲ ಹತ್ತು ವರ್ಷ ಇಷ್ಟೇ ಅಂದುಕೊಳ್ಳಿ: ದೊಡ್ಡ ಬಂಗಲೆ, ಬೀಗ ಹಾಕಿದ ಬಾಗಿಲು, ಕಡಿಮೆ ಗುಂಡು. ದುಃಖ ಆಗಲೂ ಇತ್ತು. ಸ್ವೀಟ್ ಹೋಮ್‌ನ ದೆವ್ವ ಮಗುವನ್ನು ಕಳೆದುಕೊಂಡ ತಾಯಿ. ಆದರೆ ಆ ದುಃಖ ಚೀಟಿಯಲ್ಲೋ ಡೈರಿಯಲ್ಲೋ ಬರೆದಿರುತ್ತಿತ್ತು. ಓದಿದರೆ ಓದಿ, ಇಲ್ಲದಿದ್ದರೆ ಕೀಲಿ ಎತ್ತಿಕೊಂಡು ಮುಂದಕ್ಕೆ ನಡೀರಿ.

1999ರಲ್ಲಿ ಕೊನಾಮಿ ಕಂಪನಿ ಮೊದಲ ಸೈಲೆಂಟ್ ಹಿಲ್ ತಂದಿತು. ಸೈಲೆಂಟ್ ಹಿಲ್ ಅನ್ನೋದು ಅದರಲ್ಲಿನ ಊರಿನ ಹೆಸರು. ಆ ಊರಿನ ಮಂಜು ಎಷ್ಟು ಹೆಸರುವಾಸಿ ಅಂದ್ರೆ ಅದರ ಹಿಂದಿನ ಕಾರಣ ಕೇಳಿ ಜನ ನಗುತ್ತಾರೆ. ಮೊದಲ ಪ್ಲೇಸ್ಟೇಷನ್‌ಗೆ ಇಡೀ ಊರನ್ನು ದೂರದವರೆಗೆ ತೋರಿಸುವ ತಾಕತ್ತು ಇರಲಿಲ್ಲ, ಆ ಕೊರತೆ ಮುಚ್ಚೋಕೆ ಮಂಜು. ಆದರೆ ಕಥೆ ಕೊರತೆ ಮುಚ್ಚೋದಲ್ಲ. ಅಪ್ಪನೊಬ್ಬ ಕಳೆದುಹೋದ ಮಗಳನ್ನು ಹುಡುಕುತ್ತಾನೆ, ಹುಡುಕುತ್ತಾ ಹೋದರೆ ಸಿಗೋದು ಸ್ವಂತ ತಾಯಿಯೇ ಪೂಜೆಯ ಹೆಸರಲ್ಲಿ ಬೆಂಕಿಗೆ ಒಡ್ಡಿದ ಇನ್ನೊಬ್ಬ ಹುಡುಗಿಯ ಕಥೆ. ಆ ಊರು ನರಕವಾಗಿರೋದು ಅವಳ ಕೆಟ್ಟ ಕನಸಿನಿಂದ. ಭೂತ ಎಲ್ಲಿಂದಲೋ ಬಂದದ್ದಲ್ಲ, ಮನೆಯೊಳಗೆ ಆದ ಹಿಂಸೆಯಿಂದ ಹುಟ್ಟಿದ್ದು.

ಎರಡು ವರ್ಷ ಬಿಟ್ಟು, 2001ರಲ್ಲಿ, ಎರಡನೆಯದು ಬಂತು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇವತ್ತಿನ ಜಗಳದ ಬೇರು ಇಲ್ಲೇ ಇದೆ.

ಜೇಮ್ಸ್ ಸಂಡರ್‌ಲ್ಯಾಂಡ್ ಅನ್ನುವವನಿಗೆ ಹೆಂಡತಿ ಮೇರಿಯಿಂದ ಕಾಗದ ಬಂದಿದೆ, ನಮ್ಮ ಆ ಜಾಗದಲ್ಲಿ ಕಾಯುತ್ತಿದ್ದೇನೆ, ಬಾ ಅಂತ. ಮೇರಿ ಸತ್ತು ಮೂರು ವರ್ಷ ಆಗಿದೆ ಅಂತ ಅವನೇ ಹೇಳುತ್ತಾನೆ. ನಮ್ಮ ಕಡೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಕಾಲ ನೆನಪಿರುವವರಿಗೆ ಇದು ಹೊಸದೇನಲ್ಲ. ಆ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತೆ, ಓಗೊಟ್ಟರೆ ಮುಗಿದುಹೋಯ್ತು ಅಂತಿದ್ರು. ವ್ಯತ್ಯಾಸ ಇಷ್ಟೇ: ಜೇಮ್ಸ್ ಓಗೊಟ್ಟು ಕಾರು ಹತ್ತಿಕೊಂಡು ಹೊರಟೇಬಿಟ್ಟ.

ಗುಟ್ಟು ಏನಪ್ಪಾ ಅಂದರೆ, ಮೇರಿ ಕಾಯಿಲೆಯಿಂದ ಸಾಯಲಿಲ್ಲ. ಕಾಯಿಲೆ ಇದ್ದದ್ದು ನಿಜ, ವರ್ಷಗಟ್ಟಲೆ ನರಳಿದ್ದೂ ನಿಜ. ಕೊನೆಗೆ ದಿಂಬು ಒತ್ತಿ ಉಸಿರು ನಿಲ್ಲಿಸಿದವನು ಜೇಮ್ಸೇ. ಹೋಟೆಲಿನ 312ನೇ ರೂಮಿನಲ್ಲಿ ಒಂದು ವಿಡಿಯೋ ಕ್ಯಾಸೆಟ್ ಹಾಕಿದಾಗ ಅವನಿಗೂ ಗೊತ್ತಾಗುತ್ತೆ, ನಮಗೂ ಗೊತ್ತಾಗುತ್ತೆ. ಪ್ರೀತಿಯಿಂದ ಮಾಡಿದನೋ, ಬೇಸತ್ತು ಮಾಡಿದನೋ? ಗೇಮ್ ತೀರ್ಪು ಕೊಡಲ್ಲ.

ತೀರ್ಪು ಕೊಡಲ್ಲ ಅಂದೆ, ಆದರೆ ಆಡುವವರನ್ನು ಸುಮ್ನೆ ನೋಡುತ್ತಿರುತ್ತೆ. ಇದೇ ಅದರ ಜಾಣತನ, ನೀವು ಆಡುವ ರೀತಿ ನೋಡಿ ಕಥೆಯ ಅಂತ್ಯವನ್ನೇ ಬದಲಾಯಿಸುತ್ತೆ. ಜೇಮ್ಸ್‌ನ ಗಾಯಕ್ಕೆ ಔಷಧಿ ಹಾಕದೆ ಹಾಗೇ ಬಿಟ್ಟುಕೊಂಡು ಓಡಾಡಿದಿರಾ? ಏಂಜೆಲಾ ಅನ್ನುವ ಹುಡುಗಿ ಕೊಟ್ಟ ಚಾಕುವನ್ನು ಚೀಲದಿಂದ ತೆಗೆದು ಮತ್ತೆ ಮತ್ತೆ ನೋಡಿದಿರಾ? ಹಾಗಾದರೆ ಇವನಿಗೆ ಬದುಕುವ ಆಸೆ ಇಲ್ಲ ಅಂತ ಲೆಕ್ಕ ಹಾಕಿ, ಕೆರೆಗೆ ಹಾರವಾಗುವ ಅಂತ್ಯದ ಕಡೆ ತಿರುಗಿಸುತ್ತೆ. ಮೇರಿಯ ಫೋಟೊ, ಕಾಗದ ತೆಗೆದು ನೋಡುತ್ತಿದ್ದರೆ ಬೇರೆ ಅಂತ್ಯದ ಕಡೆಗೆ. ಯಾವ ಅಂತ್ಯ ಬೇಕು ಅಂತ ಯಾರೂ ಕೇಳಲ್ಲ. ಇನ್ನೊಂದು ಸಣ್ಣ ವಿಷಯ: ಆ ಕಾಗದದ ಅಕ್ಷರಗಳು ಮುಂದೆ ಮುಂದೆ ಹೋದಂತೆ ಅಳಿಸಿಹೋಗುತ್ತವೆ. ಖಾಲಿ ಹಾಳೆ. ಅದು ಮೊದಲಿಂದಲೂ ಖಾಲಿಯೇ ಇತ್ತೇನೋ. ಚೀಲ ತೆರೆದು ನೋಡುವ ಅಭ್ಯಾಸ ಇಲ್ಲದವರಿಗೆ ಇದು ಕಣ್ಣಿಗೇ ಬೀಳಲ್ಲ.

ಏಂಜೆಲಾ ಕಥೆ ಇನ್ನೂ ಕಷ್ಟದ್ದು. ಅಪ್ಪನಿಂದಲೇ ದೌರ್ಜನ್ಯ ಅನುಭವಿಸಿದವಳು. ಅವಳ ಪಾಲಿನ ಭೂತ ಇರೋದು ಗೋಡೆಗಳಲ್ಲಿ ತೂತುಗಳಿರುವ ಒಂದು ಕೋಣೆಯಲ್ಲಿ, ಮಂಚಕ್ಕೆ ಅಂಟಿಕೊಂಡಿರುವ ಆಕಾರದಲ್ಲಿ. ನೀವು ಅದನ್ನು ಹೊಡೆದು ಬೀಳಿಸಿದ ಮೇಲೂ ಅವಳು ಒದೆಯುತ್ತಲೇ ಇರುತ್ತಾಳೆ, ಟೀವಿ ಎತ್ತಿ ಅದರ ಮೇಲೆ ಹಾಕುತ್ತಾಳೆ. ಆಮೇಲೆ ನಿಮ್ಮ ಕಡೆ ತಿರುಗುತ್ತಾಳೆ, ನಿನಗೂ ಅದೇ ತಾನೇ ಬೇಕಿರೋದು ಅನ್ನುವ ಧಾಟಿಯಲ್ಲಿ. ಕಾಪಾಡಿದೆ ಅಂದುಕೊಂಡವನ ಮುಖಕ್ಕೆ ಹೊಡೆದಂಗಿರುತ್ತೆ. ಮುಂದೆ ಅವಳು ಉರಿಯುತ್ತಿರುವ ಮೆಟ್ಟಿಲು ಹತ್ತಿ ಹೋಗುತ್ತಾಳೆ. ತಡೆಯುವ ದಾರಿಯೇ ಇಲ್ಲ. ಅದೇ ಊರಲ್ಲಿ ಓಡಾಡುವ ಎಂಟು ವರ್ಷದ ಲಾರಾಗೆ ಮಾತ್ರ ಒಂದು ಭೂತವೂ ಕಾಣಲ್ಲ. ಅವಳು ಯಾವ ತಪ್ಪೂ ಮಾಡಿಲ್ಲವಲ್ಲ.

ಇದೆಲ್ಲ ಆಗುತ್ತಿದ್ದ ಕಾಲಕ್ಕೆ ಮೈಸೂರು, ಮಂಡ್ಯದ ಗೇಮ್ ಪಾರ್ಲರ್‌ಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡುತ್ತಿದ್ದದ್ದು ಕೌಂಟರ್ ಸ್ಟ್ರೈಕ್, ವೈಸ್ ಸಿಟಿ. ಹಿಂದೆ ನಾಲ್ಕು ಜನ ನಿಂತು ಕೂಗುತ್ತಿರುವ ಕಡೆ ಹಾರರ್ ಗೇಮ್ ಆಡೋಕಾಗುತ್ತಾ? ಅದು ಮನೆಯಲ್ಲೋ ಹಾಸ್ಟೆಲಿನಲ್ಲೋ ರಾತ್ರಿ, ಕಾಪಿ ಮಾಡಿದ ಡಿವಿಡಿಯಲ್ಲಿ. 2010ರಲ್ಲಿ ಸ್ವೀಡನ್ನಿನಿಂದ ಆಮ್ನೀಷಿಯಾ ಬಂದ ಮೇಲೆ ಇದು ಪೂರ್ತಿ ಬದಲಾಯಿತು. ಆ ಗೇಮ್ ಹೆಸರು ಮಾಡಿದ್ದೇ ಯೂಟ್ಯೂಬಲ್ಲಿ, ಆಡುವವರು ಕಿರುಚಿಕೊಳ್ಳೋದನ್ನು ನೋಡಿ ನಗುವುದಕ್ಕೆ. 2016ರಲ್ಲಿ ಜಿಯೋ ಬಂತು, ಡೇಟಾ ಚಿಂತೆ ಹೋಯಿತು. ನಮ್ಮಲ್ಲಿ ಈಗಲೂ ಹಾರರ್ ಗೇಮ್‌ಗಳನ್ನು ಆಡಿದವರಿಗಿಂತ ನೋಡಿದವರೇ ಜಾಸ್ತಿ ಅಂತ ನನ್ನ ಅಂದಾಜು. ತಪ್ಪೇನಿಲ್ಲ, ಹತ್ತಾರು ಸಾವಿರ ಕೊಟ್ಟು ಪ್ಲೇಸ್ಟೇಷನ್ ತರೋದು ಎಲ್ಲರ ಕೈಲಾಗುವ ಮಾತಲ್ಲ.

ಆದರೆ ಜಗಳ ಸಿಕ್ಕುಸಿಕ್ಕಾಗಿರೋದಕ್ಕೆ ಇದೂ ಒಂದು ಕಾರಣ. ಭಯ ನೋಡಿದರೂ ಆಗುತ್ತೆ. ತಪ್ಪು ಮಾಡಿದೆ ಅನ್ನುವ ಕಸಿವಿಸಿ ಆಗಬೇಕಾದರೆ ಕಂಟ್ರೋಲರ್ ನಿಮ್ಮ ಕೈಯಲ್ಲಿರಬೇಕು. ಆಮ್ನೀಷಿಯಾದ ಡೇನಿಯಲ್‌ನನ್ನೇ ತಗೊಳ್ಳಿ. ಜೀವ ಉಳಿಸಿಕೊಳ್ಳೋಕೆ ಅಮಾಯಕರನ್ನು ಚಿತ್ರಹಿಂಸೆಗೆ ಗುರಿಮಾಡಿ, ಅದನ್ನು ಮರೆಯೋಕೆ ತಾನೇ ಮದ್ದು ಕುಡಿದವನು. ಕಿರುಚಾಟದ ವಿಡಿಯೋಗಳಲ್ಲಿ ಈ ಭಾಗ ಯಾರಿಗೆ ನೆನಪಿದೆ ಹೇಳಿ.

ಮುಂದಿನ ವರ್ಷಗಳಲ್ಲಿ ಒಂದು ಫಾರ್ಮುಲಾ ಹುಟ್ಟಿಕೊಂಡಿತು. 2014ರಲ್ಲಿ ಪಿ.ಟಿ. ಅನ್ನುವ ಚಿಕ್ಕ ಡೆಮೊ ಬಂತು, ಮರುವರ್ಷ ಪ್ಲೇಸ್ಟೇಷನ್‌ನ ಆನ್‌ಲೈನ್ ಅಂಗಡಿಯಿಂದ ಮಾಯವಾಯಿತು. ಒಂದೇ ಮನೆ, ಒಂದೇ ಓಣಿ, ರೇಡಿಯೋದಲ್ಲಿ ಹೆಂಡತಿ ಮಕ್ಕಳನ್ನು ಕೊಂದ ಅಪ್ಪಂದಿರ ಸುದ್ದಿ. ಅದನ್ನು ನೋಡಿದ ಸಣ್ಣ ಕಂಪನಿಗಳೆಲ್ಲ ಅಂಥದೇ ಓಣಿ ಕಟ್ಟಲು ಕೂತವು. ತಂತಾನೇ ಮುಚ್ಚುವ ಬಾಗಿಲು, ಮುರಿದ ತೊಟ್ಟಿಲು, ಕೊನೆಗೆ ಎಲ್ಲ ಇವನ ತಲೆಯೊಳಗೇ ನಡೆದದ್ದು ಅನ್ನುವ ಗುಟ್ಟು ಬಯಲು. ಮೊದಲ ಸಲ ಎದೆ ಹಿಂಡಿತು, ಹತ್ತನೇ ಸಲಕ್ಕೆ ಬಾಗಿಲು ತೆರೆಯುವ ಮೊದಲೇ ಹೇಳಿಬಿಡಬಹುದು. ‘ಸಾಕಪ್ಪಾ’ ಅನ್ನುವವರ ಸಿಟ್ಟು ಇದರ ಮೇಲೆ. ಆ ಸಿಟ್ಟಿನಲ್ಲಿ ನ್ಯಾಯ ಇದೆ.

ಅದೇ ಹೊತ್ತಿಗೆ ಬೇರೆ ಥರದವೂ ಬಂದವು. 2017ರ ಹೆಲ್‌ಬ್ಲೇಡ್ ಮಾಡುವಾಗ ಕೇಂಬ್ರಿಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಮತ್ತು ಸೈಕೋಸಿಸ್ (ಇಲ್ಲದ ದನಿ, ದೃಶ್ಯಗಳು ನಿಜ ಅನ್ನಿಸುವ ಮಾನಸಿಕ ಸ್ಥಿತಿ) ಅನುಭವಿಸಿದವರನ್ನು ಜೊತೆಗೆ ಕೂರಿಸಿಕೊಂಡಿದ್ದರು. ಹೆಡ್‌ಫೋನ್ ಹಾಕಿದರೆ ಅದರ ನಾಯಕಿ ಸೆನುವಾಳ ತಲೆಯೊಳಗಿನ ದನಿಗಳು ನಿಮ್ಮ ಕಿವಿಯ ಹಿಂದೆಯೇ ಬೈಯುತ್ತವೆ. ಅದೇ ವರ್ಷ ತೈವಾನಿನಿಂದ ಡಿಟೆನ್ಷನ್. 1960ರ ದಶಕ, ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು ಇರುವ ಊರಿನ ಶಾಲೆ. ಹೊಟ್ಟೆಕಿಚ್ಚಿನಿಂದ ಒಬ್ಬ ಹುಡುಗಿ ನಿಷೇಧಿತ ಪುಸ್ತಕಗಳ ಪಟ್ಟಿಯನ್ನು ಅಧಿಕಾರಿಗಳ ಕೈಗೆ ಕೊಟ್ಟಿರುತ್ತಾಳೆ. ಮಾಡಿದ್ದನ್ನು ಒಪ್ಪಿಕೊಂಡರೆ ಒಂದು ಅಂತ್ಯ, ತಪ್ಪಿಸಿಕೊಂಡರೆ ಇನ್ನೊಂದು.

ಅದೇ ತಂಡದ 2019ರ ಡಿವೋಷನ್ ನೋಡಿದರೆ ನಮ್ಮ ಕಡೆಯವರಿಗೆ ಕರುಳು ಚುರ್ ಅನ್ನಬೇಕು. 1980ರ ದಶಕದ ಮಧ್ಯಮ ವರ್ಗದ ಮನೆ. ಮಗಳಿಗೆ ಉಸಿರು ಕಟ್ಟಿದಂತಾಗುತ್ತೆ. ಶರೀರದಲ್ಲಿ ಏನೂ ದೋಷ ಇಲ್ಲ, ಮನೋವೈದ್ಯರಿಗೆ ತೋರಿಸಿ ಅನ್ನುತ್ತಾರೆ ಡಾಕ್ಟರು. ನನ್ನ ಮಗಳಿಗೇನು ಹುಚ್ಚಾ ಅಂತ ಅಪ್ಪ ರೇಗುತ್ತಾನೆ. ಪೂಜೆ ಹೇಳಿಕೊಡುವವರ ಮಾತು ಕೇಳುತ್ತಾನೆ. ಮಂಡ್ಯದ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ, ಅಂತ್ರ ಕಟ್ಟಿಸಿ’ ಅಂತ ಹುಡುಗಿಯರನ್ನು ಕರೆದುಕೊಂಡು ಓಡಾಡುವ ಮನೆಗಳು ಈಗಲೂ ಇಲ್ವಾ? ಆ ಅಪ್ಪ ಕೆಟ್ಟವನಲ್ಲ, ಮಗಳನ್ನು ಪ್ರೀತಿಸುತ್ತಾನೆ. ಅವಳಿಗೆ ಅಪಾಯ ಆಗೋದೂ ಆ ಪ್ರೀತಿಯಿಂದಲೇ. ಗೋಡೆಯ ಚಿತ್ರವೊಂದರಲ್ಲಿ ಅಡಗಿದ್ದ ರಾಜಕೀಯ ಗೇಲಿ ಹೊರಬಂದು, ಗೇಮ್ ಬಿಡುಗಡೆಯಾದ ಒಂದು ವಾರದೊಳಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಿಂದ ಹೋಯಿತು. 2021ರಲ್ಲಿ ತಂಡದವರೇ ತಮ್ಮ ಸೈಟಿನಲ್ಲಿ ಮಾರಲು ಶುರು ಮಾಡಿದರು.

ಮೂರನೆಯವರ ಪ್ರಶ್ನೆಗೆ ಬರೋಣ. ದುಃಖಕ್ಕಿಂತ ದೌರ್ಜನ್ಯವನ್ನು ಗೇಮ್ ಮಾಡೋದು ಕಷ್ಟ, ಎಡವಿದ್ದೂ ಅಲ್ಲೇ ಜಾಸ್ತಿ. 2006ರಲ್ಲಿ ರೂಲ್ ಆಫ್ ರೋಸ್ ಮಕ್ಕಳ ಕ್ರೌರ್ಯದ ಕಥೆ ಹೇಳಿದಾಗ ಯುರೋಪಿನಲ್ಲಿ ದೊಡ್ಡ ಗಲಾಟೆಯಾಯಿತು. 2014ರ ಅಮಂಗ್ ದ ಸ್ಲೀಪ್‌ನಲ್ಲಿ ನೀವೇ ಎರಡು ವರ್ಷದ ಮಗು, ಕುಡಿತಕ್ಕೆ ಬಿದ್ದ ತಾಯಿಯೇ ಕತ್ತಲಿನ ಭೂತ. ಎಲ್ಲವನ್ನೂ ಮಗುವಿನ ಎತ್ತರದಿಂದ ನೋಡಬೇಕು, ಕುರ್ಚಿ ಎಳೆದು ಹತ್ತಬೇಕು. ಹೀಗೆ ನೊಂದವರ ಕಣ್ಣಿಂದ ತೋರಿಸಿದಾಗ ಗೇಮ್ ಗೆಲ್ಲುತ್ತೆ. ನೊಂದವರನ್ನು ಬೇರೆಯವರ ಕಥೆಯ ತಿರುವಿಗೆ ಬಳಸಿಕೊಂಡಾಗ ಸೋಲುತ್ತೆ, ಎಷ್ಟೇ ಎಚ್ಚರಿಕೆಯ ಬೋರ್ಡ್ ಹಾಕಿದರೂ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಸೈಲೆಂಟ್ ಹಿಲ್ ಎಫ್ ಈ ಜಗಳಕ್ಕೆ ಮತ್ತೆ ತುಪ್ಪ ಸುರಿಯಿತು. 1960ರ ದಶಕದ ಜಪಾನಿನ ಸಣ್ಣ ಊರು, ಕೂಗಾಡುವ ಕುಡುಕ ಅಪ್ಪ, ತಲೆ ತಗ್ಗಿಸಿ ಬದುಕಿದ ಅಮ್ಮ, ಮದುವೆ ಅನ್ನೋ ಪದ ಕೇಳಿದರೆ ಕಂಗೆಡುವ ಹುಡುಗಿ ಹಿನಾಕೋ. ಮೊದಲ ಸಲ ಯಾರು ಹೇಗೇ ಆಡಿದರೂ ಒಂದೇ ಅಂತ್ಯ ಸಿಗುವ ಹಾಗೆ ಮಾಡಿದ್ದಾರೆ. ಅಪ್ಪ ಅಮ್ಮನ ಬಗ್ಗೆ, ಹಿನಾಕೋ ಬಗ್ಗೆ ಉಳಿದ ಅರ್ಧ ಗೊತ್ತಾಗಬೇಕಾದರೆ ಎರಡನೇ ಸಲ, ಮೂರನೇ ಸಲ ಆಡಬೇಕು. ಯೂಟ್ಯೂಬಲ್ಲಿ ಒಂದು ವಿಡಿಯೋ ಮುಗಿಸಿ ಬಂದವರು ಆ ಮೊದಲ ಅಂತ್ಯವನ್ನೇ ಹಿಡಿದುಕೊಂಡು ವಾದಕ್ಕೆ ಇಳಿಯುತ್ತಾರೆ. ಆಡಿದವರು ಇನ್ನೂ ಎರಡನೇ ಸುತ್ತಿನಲ್ಲಿರುತ್ತಾರೆ.