ಊದೋನ್ ಕೆತ್ತಿದ ಕಣ್ಣುಗಳು ನೋಡುತ್ತಿರುವಂತೆ ಕಾಣುವುದೇಕೆ?

ಪ್ರಶ್ನೆ: ಹದಿನೆಂಟನೆಯ ಶತಮಾನದ ಫ್ರೆಂಚ್ ಶಿಲ್ಪಿ ಊದೋನ್, ವ್ಯಕ್ತಿಗಳ ಮುಖದಿಂದಲೇ ಅಚ್ಚು ತೆಗೆದು ಶಿಲ್ಪ ಮಾಡುತ್ತಿದ್ದನಂತೆ. ಅವನ ಶಿಲ್ಪಗಳ ಕಣ್ಣು ಅಷ್ಟು ಜೀವಂತವಾಗಿರುವುದಕ್ಕೆ ಆ ಅಚ್ಚೇ ಕಾರಣವೇ?

ಉತ್ತರ: ಅಲ್ಲ. ಮುಖಕ್ಕೆ ಹಸಿ ಪ್ಲಾಸ್ಟರ್ ಬಳಿಯುವಾಗ ಕಣ್ಣು ಮುಚ್ಚಿರಲೇಬೇಕು. ಆದ್ದರಿಂದ ಹಣೆ, ಮೂಗು, ಕೆನ್ನೆಗಳ ಅಳತೆಯನ್ನು ಎಷ್ಟೇ ನಿಖರವಾಗಿ ಕೊಟ್ಟರೂ ಅಚ್ಚು ನೋಟವನ್ನು ಮಾತ್ರ ಕೊಡಲಾರದು. ಅದನ್ನು ಶಿಲ್ಪಿಯೇ ಕಂಡುಕೊಳ್ಳಬೇಕು, ಮತ್ತು ಊದೋನ್‌ನ ನಿಜವಾದ ಪ್ರತಿಭೆ ಇರುವುದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಪ್ರಾಚೀನ ಗ್ರೀಕರು ಅಮೃತಶಿಲೆಯ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರು. ಕಾಲಾಂತರದಲ್ಲಿ ಆ ಬಣ್ಣ ಅಳಿಸಿಹೋಗಿ ನುಣುಪಾದ ಬಿಳಿ ಗುಡ್ಡೆಯಷ್ಟೇ ಉಳಿಯಿತು. ಪ್ರಾಚೀನ ಗ್ರೀಕ್, ರೋಮನ್ ಕಲೆಯನ್ನು ಮಾದರಿಯಾಗಿಟ್ಟುಕೊಂಡ ನವಶಾಸ್ತ್ರೀಯ ಶಿಲ್ಪಿಗಳಲ್ಲಿ ಹಲವರು ಆ ಶೂನ್ಯ ನೋಟವನ್ನೇ ಆದರ್ಶವೆಂದು ಅನುಸರಿಸಿದರು. ಊದೋನ್ ವ್ಯಕ್ತಿಶಿಲ್ಪಗಳಲ್ಲಿ ಬೇರೆ ದಾರಿ ಹಿಡಿದ. ಕಣ್ಣಿನ ನಡುವಿನ ಬಣ್ಣದ ವೃತ್ತವಿರುವ ಜಾಗವನ್ನು ಅವನು ಪೂರ್ತಿಯಾಗಿ ಒಳಕ್ಕೆ ತೋಡುತ್ತಿದ್ದ. ಅದರೊಳಗೆ ಪಾಪೆಗಾಗಿ ಇನ್ನೂ ಆಳವಾದ ರಂಧ್ರವನ್ನು ಕೊರೆಯುತ್ತಿದ್ದ. ಆದರೆ ಹಾಗೆ ತೋಡುವಾಗ ಕಲ್ಲಿನ ಒಂದು ಚಿಕ್ಕ ಚೂರನ್ನು ಕತ್ತರಿಸದೆ, ಆ ಕುಳಿಯ ಮೇಲೆ ಚಾಚಿಕೊಂಡಿರುವಂತೆ ಉಳಿಸುತ್ತಿದ್ದ. ಕುಳಿಯಲ್ಲಿ ನೆರಳು ತುಂಬಿ ಕಣ್ಣು ಕಪ್ಪಾಗಿ ಕಾಣುತ್ತದೆ, ಚಾಚಿದ ಚೂರಿನ ಮೇಲೆ ಬಿದ್ದ ಬೆಳಕು ತೇವವಾದ ಕಣ್ಣಿನ ಹೊಳಪಾಗುತ್ತದೆ. ಬಣ್ಣವಿಲ್ಲದೆ, ಬೆಳಕು ಮತ್ತು ನೆರಳಿನಿಂದಲೇ ನೋಟ ಹುಟ್ಟುತ್ತದೆ. ಉಳಿ ಒಂದಿಷ್ಟು ಜಾರಿ ಆ ಚೂರು ಮುರಿದರೆ ಮತ್ತೆ ಅಂಟಿಸುವಂತಿಲ್ಲ.

ಈ ಕೈಚಳಕದ ಹಿಂದೆ ದೀರ್ಘ ಅಭ್ಯಾಸವಿತ್ತು. 1741ರಲ್ಲಿ ವರ್ಸೈಲ್ಸ್‌ನಲ್ಲಿ ಹುಟ್ಟಿದ ಝಾನ್ ಆಂತ್ವಾನ್ ಊದೋನ್, ಯುವ ಕಲಾವಿದರನ್ನು ಕಲಿಯಲು ರೋಮ್‌ಗೆ ಕಳುಹಿಸುವ ರೋಮ್ ಬಹುಮಾನವನ್ನು 1761ರಲ್ಲಿ ಗೆದ್ದು, 1764ರಿಂದ 1768ರವರೆಗೆ ರೋಮ್‌ನಲ್ಲಿದ್ದ. ಅಲ್ಲಿ ಶವಗಳನ್ನು ಮುಂದಿಟ್ಟುಕೊಂಡು ಅಂಗರಚನೆ ಕಲಿತು, ಚರ್ಮವಿಲ್ಲದೆ ಸ್ನಾಯುಗಳನ್ನಷ್ಟೇ ತೋರಿಸುವ ಒಂದು ಮಾನವಾಕೃತಿಯನ್ನು 1767ರಲ್ಲಿ ಮಾಡಿದ. ಅದರ ಪ್ರತಿಗಳನ್ನು ಮುಂದೆ ಕಲಾಶಾಲೆಗಳಲ್ಲಿ ಪಾಠಕ್ಕೆ ಬಳಸಿದರು.

ಅಚ್ಚಿನ ವಿಷಯಕ್ಕೆ ಬಂದರೆ, 1785ರ ಅಕ್ಟೋಬರ್‌ನಲ್ಲಿ ಅವನು ಅಟ್ಲಾಂಟಿಕ್ ದಾಟಿ ಜಾರ್ಜ್ ವಾಷಿಂಗ್ಟನ್‌ನ ಮೌಂಟ್ ವರ್ನನ್ ಮನೆಗೆ ಹೋದ. ವರ್ಜೀನಿಯಾದ ಶಾಸನಸಭೆ ವಾಷಿಂಗ್ಟನ್‌ನ ಪ್ರತಿಮೆ ಬಯಸಿತ್ತು; ವರ್ಣಚಿತ್ರವೊಂದನ್ನು ನೋಡಿ ಕೆತ್ತಲು ಊದೋನ್ ಒಪ್ಪಲಿಲ್ಲ. ದೇಹದ ಅಳತೆ ತೆಗೆದು, ಮುಖಕ್ಕೆ ಪ್ಲಾಸ್ಟರ್ ಹಾಕಿದ. ಮನೆಯಲ್ಲಿದ್ದ, ವಾಷಿಂಗ್ಟನ್‌ನ ಹೆಂಡತಿಯ ಆರು ವರ್ಷದ ಮೊಮ್ಮಗಳು ನೆಲ್ಲಿ, ಬಟ್ಟೆ ಹೊದ್ದು ಅಲುಗಾಡದೆ ಮಲಗಿದ್ದ ವಾಷಿಂಗ್ಟನ್‌ನನ್ನು ಕಂಡು ತೀರಿಕೊಂಡನೆಂದೇ ಭಾವಿಸಿ ಹೆದರಿದ್ದನ್ನು ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದಳು. ಆ ಮುಖದಚ್ಚು ಈಗ ನ್ಯೂಯಾರ್ಕ್‌ನ ಮಾರ್ಗನ್ ಗ್ರಂಥಾಲಯದಲ್ಲಿದೆ. ವರ್ಜೀನಿಯಾದ ರಾಜಧಾನಿ ರಿಚ್ಮಂಡ್‌ನ ಶಾಸನಭವನದಲ್ಲಿ ನಿಂತಿರುವ ಅಮೃತಶಿಲೆಯ ಪ್ರತಿಮೆ ರೋಮನ್ ನಿಲುವಂಗಿಯನ್ನು ತೊಡದೆ, ಅಂದಿನ ಸೇನಾ ಸಮವಸ್ತ್ರದಲ್ಲಿದೆ.

ಸತ್ತವರ ಮುಖದಿಂದಲೂ ಅವನು ಅಚ್ಚು ತೆಗೆದದ್ದುಂಟು. 1778ರ ಜುಲೈನಲ್ಲಿ ತತ್ವಜ್ಞಾನಿ ರೂಸೋ ತೀರಿಕೊಂಡಾಗ ಎರ್ಮೆನೊಂವಿಲ್ ಎಂಬ ಊರಿಗೆ ಹೋಗಿ ಮುಖದ ಅಚ್ಚು ತಂದ. ಆದರೂ ಆ ಅಚ್ಚಿನಿಂದ ರೂಪಿಸಿದ ರೂಸೋನ ಎದೆಮಟ್ಟದ ಶಿಲ್ಪಗಳು ತೆರೆದ ಕಣ್ಣಿನಿಂದ ಎದುರಿನವರನ್ನು ದಿಟ್ಟಿಸುತ್ತವೆ. ಅದೇ ವರ್ಷ, ಸಾವಿಗೆ ಕೆಲವೇ ವಾರ ಮೊದಲು, 83 ವರ್ಷದ ಲೇಖಕ ವೋಲ್ಟೇರ್ ಊದೋನ್‌ನ ಮುಂದೆ ಕುಳಿತಿದ್ದ. ಪ್ಯಾರಿಸ್‌ನ ಕಾಮೆದಿ ಫ್ರಾಂಸೇಸ್ ರಂಗಮಂದಿರದಲ್ಲಿರುವ, 1781ರ ಆಸೀನ ವೋಲ್ಟೇರ್‌ನಲ್ಲಿ ಕೆನ್ನೆ ಒಳಸೇರಿದೆ, ಕತ್ತಿನ ನರಗಳು ಎದ್ದಿವೆ, ಬೆರಳುಗಳು ಕುರ್ಚಿಯ ಕೈಗಳನ್ನು ಹಿಡಿದಿವೆ. ಮುಪ್ಪನ್ನು ಶಿಲ್ಪಿ ಎಲ್ಲಿಯೂ ಮರೆಮಾಡಿಲ್ಲ. ಆದರೆ ಕಣ್ಣಿಗೆ ಮಾತ್ರ ಮುಪ್ಪು ತಟ್ಟಿಲ್ಲ, ಎದುರಾಳಿಯ ಮಾತು ಮುಗಿಯುವುದನ್ನೇ ಕಾಯುತ್ತ, ಉತ್ತರವನ್ನು ಆಗಲೇ ಸಿದ್ಧಮಾಡಿಕೊಂಡವನ ಕಣ್ಣು ಅದು.